ನೀಲಿ ಬಾತುವಿನಿಂದ ಕಿತ್ತುಕೊಂಡ ಸೈಕಲ್ಲು

ರೈನ್ಸ್‌ಬರ್ಗಿನ ಹೂವಿನ ವ್ಯಾಪಾರಿಗಳಲ್ಲಿ ಯೋರೀನಳ ಬಲಗೈ ತೋರುಬೆರಳಿಗೆ ಅವಳಿಗಿಂತ ಹೆಚ್ಚು ಹೆಸರಿತ್ತು. ಅಲ್ಲಿಯ ಹರಾಜು ಮೇಲೇರುವುದಿಲ್ಲ, ಕೆಳಗಿಳಿಯುತ್ತದೆ. ತೆರೆಯ ಮೇಲೊಂದು ಗಡಿಯಾರ. ಅದರಲ್ಲಿ ಬೆಲೆ ಎತ್ತರದಿಂದ ಸರ್ರನೆ ಜಾರುತ್ತ ಬರುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಗುಲಾಬಿ ಅವರದು. ಬೇಗ ಒತ್ತಿದರೆ ದುಡ್ಡು ಹೋಯಿತು, ತಡವಾಗಿ ಒತ್ತಿದರೆ ಹೂವು ಹೋಯಿತು. ಕಣ್ಣು ಮುಚ್ಚಿ ತೆರೆಯುವಷ್ಟರ ಈ ಆಟದಲ್ಲಿ ಉಳಿದವರೆಲ್ಲ ಉಗುರು ಕಚ್ಚುತ್ತಿರುವಾಗ ಯೋರೀನ್ ಒಂದು ಗುಟುಕು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಒತ್ತುತ್ತಿದ್ದಳು. "ಆ ಹುಡುಗಿಗೆ ನರ ಇಲ್ವೋ ಏನೋ," ಎಂದು ಜನ ಆಡಿಕೊಳ್ಳುತ್ತಿದ್ದರು.

ಇದು ಅವಳಿಗೆ ಮನೆಯಲ್ಲೇ ಬಂದ ವಿದ್ಯೆ. ಅಪ್ಪ ಹರಾಜುಕಟ್ಟೆಯಲ್ಲಿ ಹೂವಿನ ತಳ್ಳುಬಂಡಿ ಎಳೆಯುತ್ತಿದ್ದವನು. ಊಟವಾದ ಮೇಲೆ ತಟ್ಟೆಯಲ್ಲಿ ಒಂದೇ ಒಂದು ಬಿಸ್ಕತ್ತು ಉಳಿದರೆ ಅಪ್ಪ ಅದನ್ನು ಎತ್ತಿ ಹಿಡಿದು ಗಡಿಯಾರವಾಗುತ್ತಿದ್ದ. "ಇಪ್ಪತ್ತು ಪಾತ್ರೆ, ಹತ್ತೊಂಬತ್ತು ಪಾತ್ರೆ, ಹದಿನೆಂಟು..." "ನಂದು" ಎಂದು ಮೊದಲು ಕೂಗಿದ ಮಗುವಿಗೆ ಬಿಸ್ಕತ್ತು, ಜೊತೆಗೆ ಅಷ್ಟು ಪಾತ್ರೆ ತೊಳೆಯುವ ಕೆಲಸ. ಮೂವರು ಅಣ್ಣಂದಿರು ಹದಿನಾಲ್ಕಕ್ಕೆ, ಹನ್ನೆರಡಕ್ಕೆ ಬಾಯಿಬಿಟ್ಟುಬಿಡುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳಾದ ಯೋರೀನ್ ಮಾತ್ರ ಮೂರು ಪಾತ್ರೆಯವರೆಗೆ ಕಾಯುತ್ತಿದ್ದಳು. ಅವಳು ಕಾಯುತ್ತಾಳೆಂಬ ಹೆದರಿಕೆಗೇ ಅಣ್ಣಂದಿರು ಬೇಗ ಕೂಗುತ್ತಿದ್ದರು ಎಂಬುದು ಬೇರೆ ಮಾತು.

ಗಂಡ ಕ್ರೈನ್ ಸಿಕ್ಕಿದ್ದೂ ಇದೇ ಬೆರಳಿನಿಂದ. ಅವನು ರೈನ್ಸ್‌ಬರ್ಗಿನ ಹೂವನ್ನು ಲಾರಿಯಲ್ಲಿ ತುಂಬಿ ಜರ್ಮನಿಯ ಊರೂರಿನ ಹೂವಿನಂಗಡಿಗಳಿಗೆ ಹಾಕಿ ಬರುವವನು. ಒಂದು ದಿನ ಅವಳು ಕೊಂಡ ಟ್ಯುಲಿಪ್ ದಾರಿಯಲ್ಲೇ ಬಾಯಿ ಬಿಟ್ಟಿತೆಂದು ಜಗಳಕ್ಕೆ ಬಂದ. "ಹೂವು ಬಾಯಿಬಿಡದೆ ಇನ್ನೇನು ಬಿಡುತ್ತೆ?" ಎಂದಳು ಇವಳು. ಜಗಳ ಮುಗಿಯದೇ ಹೋದದ್ದರಿಂದ ಮದುವೆಯಾದರು.

ಈಗ ಮೂರು ವರ್ಷದ ಫೆನ್ನಾ ಇದ್ದಳು, ನಾಲ್ಕು ತಿಂಗಳ ಸೀಮ್ ಇದ್ದ. ಬಾಣಂತಿ ರಜೆ ಮುಗಿಯುತ್ತಿತ್ತು. ಧಣಿ ಹೌಬ್ ಫೋನ್ ಮಾಡಿದ. ಅಲ್ಲಿ ಧಣಿಯನ್ನೂ ಹೆಸರು ಹಿಡಿದೇ ಕರೆಯುವುದು.

"ಯೋರೀನ್, ಗುಲಾಬಿ ಗಡಿಯಾರ ನಿನ್ನದೇ. ಆದ್ರೆ ಬರೋ ಸೋಮವಾರ ಬೆಳಗ್ಗೆ ಆರಕ್ಕೆ ನೀನು ಕುರ್ಚೀಲಿ ಇರ್ಬೇಕು. ತಾಯಂದಿರ ದಿನ ಬರ್ತಿದೆ. ಕುರ್ಚಿ ಖಾಲಿ ಬಿಟ್ರೆ ನನ್ನ ಗತಿ ಏನು? ನೀನು ಬರಲ್ಲ ಅಂದ್ರೆ ಈಗ್ಲೇ ಹೇಳು, ಇನ್ನೊಬ್ಬನ್ನ ಕೂರಿಸ್ತೀನಿ. ಆಮೇಲೆ ಅವನನ್ನ ಎಬ್ಬಿಸಕ್ಕಾಗಲ್ಲ."

"ಬರ್ತೀನಿ ಹೌಬ್," ಎಂದಳು. ಹೇಗೆ ಬರುವುದು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ತೊಂದರೆ ಸಣ್ಣದೇ. ಹೂವಿನವರ ಮಕ್ಕಳಿಗೆಂದೇ ನಸುಕಿನಲ್ಲಿ ಬಾಗಿಲು ತೆರೆಯುವ ಶಿಶುಗೃಹ ಊರಾಚೆ ಇತ್ತು. ಲಾರಿ ಸೋಮವಾರ ಬೆಳಗಿನ ಜಾವವೇ ಕ್ರೈನನ ಜೊತೆ ಜರ್ಮನಿಗೆ ಹೋಗುತ್ತಿತ್ತು. ಅವಳ ಹಳೆಯ ಸೈಕಲ್ಲಿನ ಹಿಂದೆ ಫೆನ್ನಾ ಕೂರಬಲ್ಲಳು. ಕತ್ತು ಇನ್ನೂ ಗಟ್ಟಿಯಾಗದ ಸೀಮ್ ಎಲ್ಲಿ ಕೂರಬೇಕು? ಅದಕ್ಕೆ ಬೇಕಾದದ್ದು ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲು. ಊರಿನ ಅರ್ಧ ತಾಯಂದಿರು ಮಕ್ಕಳನ್ನೂ ಆಲೂಗಡ್ಡೆಯನ್ನೂ ನಾಯಿಯನ್ನೂ ಅದೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ಓಡಾಡುತ್ತಿದ್ದರು. ಮಗುವಿನ ತೊಟ್ಟಿಲುಬುಟ್ಟಿಯನ್ನು ಅದರೊಳಗೆ ಬಿಗಿದುಬಿಟ್ಟರೆ ಮುಗಿಯಿತು.

ಅತ್ತೆ ಬೆಟ್ಸ್ ಕಾಲುವೆಯ ಆಚೆ ದಡದಲ್ಲಿದ್ದಳು. ಮಕ್ಕಳನ್ನು ನೋಡಿಕೊಳ್ಳುವಿರಾ ಎಂದು ಅವಳನ್ನು ಕೇಳುವ ಹಾಗಿರಲಿಲ್ಲ. ಅವಳ ಉತ್ತರ ಮೊದಲೇ ಬಂದಿತ್ತು.

"ನಾಲ್ಕು ಹೆತ್ತು ಸಾಕಿದ್ದೀನಿ. ಬೆನ್ನು ಬಿದ್ದುಹೋಗಿದೆ. ಅದೂ ಅಲ್ದೆ, ತಾಯಂದಿರ ದಿನದ ಹೂವು ಮಾರೋಕೆ ತಾಯಿ ತನ್ನ ಮಕ್ಳನ್ನ ಬಿಟ್ಟು ಓಡ್ಬೇಕಾ? ಇವರು ಶಾಲೆಗೆ ಹೋಗೋವರ್ಗೂ ಮನೇಲಿರು. ಗುಲಾಬಿ ಎಲ್ಲೂ ಓಡಿಹೋಗಲ್ಲ."

"ಗುಲಾಬಿ ಹೋಗಲ್ಲ ಮಾ, ಕುರ್ಚಿ ಹೋಗುತ್ತೆ," ಎಂದಳು ಯೋರೀನ್. ಅತ್ತೆ ಕೇಳಿಸದವಳಂತೆ ಸೀಮನ ಕಾಲ್ಚೀಲ ಎಳೆದು ಸರಿಮಾಡಿದಳು.

ಊರಿನ ಸೈಕಲ್ಲಂಗಡಿ ಆರೆಂಡನದು. ಅವನ ಗಾಜಿನ ಕಿಟಕಿಯಲ್ಲಿ ಹೊಸ ಪೆಟ್ಟಿಗೆ ಸೈಕಲ್ಲೊಂದು ಹಬ್ಬದ ಹಸುವಿನಂತೆ ನಿಂತಿತ್ತು. ಯೋರೀನ್ ದಿನಕ್ಕೆರಡು ಸಲ ಅದರ ಮುಂದೆ ಹಾದುಹೋಗುತ್ತಿದ್ದಳು, ಬೆಲೆ ಕೇಳಲಿಲ್ಲ. ರೈನ್ಸ್‌ಬರ್ಗಿನವರು ಅಂಗಡಿಯಲ್ಲಿ ಬೆಲೆ ಕೇಳುವುದೆಂದರೆ ಮೀನುಗಾರ ಮೀನು ಕೊಂಡು ತಿಂದ ಹಾಗೆ. ತಲೆತಲಾಂತರದಿಂದ ಹರಾಜಿನಲ್ಲಿ ಬದುಕಿದ ಜನ. ಚೀಟಿ ಕಟ್ಟಿ ನೇತುಹಾಕಿದ ಬೆಲೆ ಎಂದರೆ ಬುದ್ಧಿಯಿಲ್ಲದವರು ಕೊಡುವ ಬೆಲೆ, ಹರಾಜಿನ ಬೆಲೆ ಎಂದರೆ ಕಡಿಮೆ ಬೆಲೆ ಎಂಬುದು ಅವರಿಗೆ ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎಂಬಷ್ಟು ಗಟ್ಟಿ.

ಆದ್ದರಿಂದ ಯೋರೀನ್ ಮಂಗಳವಾರ ಬೆಳಿಗ್ಗೆ, ಒಂದು ಕೈಯಲ್ಲಿ ಸೀಮನಿಗೆ ಹಾಲು ಕುಡಿಸುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಮನೆಸಾಮಾನು ಹರಾಜು ಹಾಕುವ ಜಾಲತಾಣವೊಂದನ್ನು ಹುಡುಕಿದಳು. ದೂರದ ಡ್ರೆಂಟೆ ಸೀಮೆಯಲ್ಲಿ ಒಂದು ಪೆಟ್ಟಿಗೆ ಸೈಕಲ್ಲು. ಎರಡು ವರ್ಷ ಹಳೆಯದು, ಹಸಿರು ಬಣ್ಣ, ಎರಡು ಮಕ್ಕಳಿಗೆ ಪಟ್ಟಿ, ಮಳೆಗೆ ಹೊದಿಕೆ. ಹರಾಜು ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಮುಗಿಯುವುದು. ಸವಾಲು ಇನ್ನೂ ನೂರರ ಆಸುಪಾಸಿನಲ್ಲಿತ್ತು.

ಒಂಬೈನೂರು ಯೂರೋ, ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ ಎಂದುಕೊಂಡು, ಕಾಫಿಯ ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮುನ್ನೂರಕ್ಕೆ ಒತ್ತಿದಳು. "ನೀವೇ ಮುಂದಿದ್ದೀರಿ" ಎಂದಿತು ಫೋನು.

ಎಡವಟ್ಟಾದದ್ದು ಇಲ್ಲೇ. ಹತ್ತು ವರ್ಷ ಇಳಿಯುವ ಗಡಿಯಾರದ ಮುಂದೆ ಕೂತ ಮೈಗೆ ಒಂದೇ ಕಾನೂನು ಗೊತ್ತು: ಒತ್ತಿದರೆ ನಮ್ಮದು. ಆಮೇಲೆ ಯಾರೂ ಕೈ ಹಾಕುವ ಹಾಗಿಲ್ಲ. ಇದು ಏರುವ ಹರಾಜು ಎಂದು ತಲೆಗೆ ತಿಳಿದಿತ್ತು, ಬೆರಳಿಗೆ ತಿಳಿದಿರಲಿಲ್ಲ. ಹಾಲು ಕುಡಿಸಿ ಮುಗಿಸುವಷ್ಟರಲ್ಲಿ ಯೋರೀನಳ ಮನಸ್ಸಿನಲ್ಲಿ ಸೈಕಲ್ಲು ಮನೆಗೆ ಬಂದು, ಕೊಟ್ಟಿಗೆಯಲ್ಲಿ ನಿಂತು, ಅದರ ಪೆಟ್ಟಿಗೆಯಲ್ಲಿ ಬಿಸ್ಕತ್ತಿನ ಪುಡಿಯೂ ಬಿದ್ದಿತ್ತು.

"ಫೆನ್ನಾ, ಬಾ ಪುಟ್ಟ, ನಮ್ಮ ಸೈಕಲ್ ನೋಡು."

ಫೆನ್ನಾ ಫೋನಿಗೆ ಮೂಗು ತಾಗಿಸಿ ನೋಡಿ, "ಇದು ಸೈಕಲ್ ಅಲ್ಲ, ಹಡಗು," ಎಂದಳು. ಅಂದಿನಿಂದ ಅದು ಹಡಗಾಯಿತು.

ಬುಧವಾರ ಬಟ್ಟೆ ಒಣಹಾಕುವಾಗ ಫೋನು ಟಿಣ್ ಎಂದಿತು. "ನೀಲಿಬಾತು ನಿಮ್ಮನ್ನು ಹಿಂದಿಕ್ಕಿದ್ದಾರೆ." ಸವಾಲು ನಾನೂರ ಅರವತ್ತು. ಯೋರೀನಳಿಗೆ ಕೊಟ್ಟಿಗೆಯ ಬೀಗ ಒಡೆದ ಸದ್ದು ಕೇಳಿಸಿದಂತಾಯಿತು. ತಾಣದಲ್ಲಿ ಎಲ್ಲರದೂ ಇಟ್ಟುಕೊಂಡ ಹೆಸರೇ. ಯಾರೀ ನೀಲಿಬಾತು? ಅವಳ ಹಡಗಿಗೆ ಯಾಕೆ ಕೈ ಹಾಕಿದ? ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ ಐನೂರಕ್ಕೆ ಒತ್ತಿದಳು. ಟಿಣ್. ನೀಲಿಬಾತು. ಮತ್ತೆ ಒತ್ತಿದಳು. ಟಿಣ್. ಕ್ಲಿಪ್ಪು ಮುರಿಯಿತು.

ಸಂಜೆ ಜರ್ಮನಿಯಿಂದ ಕ್ರೈನ್ ಫೋನ್ ಮಾಡಿದಾಗ ಅವಳು ಹಲೋ ಎನ್ನಲಿಲ್ಲ. "ನಮ್ಮ ಸೈಕಲ್ ಕದೀತಿದ್ದಾರೆ ಕಣೋ."

"ನಮ್ಗೆ ಯಾವ ಸೈಕಲ್ಲಿದೆ, ಚಿನ್ನ?"

ಅವಳು ಹೇಳಿದಳು. ಅವನು ಲಾರಿಯ ಸದ್ದಿನ ನಡುವೆ ಕೇಳಿಸಿಕೊಂಡ.

"ಆರೆಂಡನ ಹತ್ರ ಒಂದ್ಸಲ ಬೆಲೆ ಕೇಳ್ಬಾರ್ದಾ? ಸುಮ್ನೆ, ತಿಳ್ಕೊಳೋಕೆ."

"ಅಂಗಡೀಲಿ ಕೇಳೋದಾ? ನಾನಾ?"

"ಯಾರಿಗೂ ಗೊತ್ತಾಗ್ದಂಗೆ ಕೇಳು. ಬೇಕಾದ್ರೆ ಸ್ಕಾರ್ಫ್ ಕಟ್ಕೊಂಡು ಹೋಗು."

"ನೀನು ರಸ್ತೆ ನೋಡ್ಕೊಂಡು ಲಾರಿ ಓಡ್ಸು."

ಗುರುವಾರ ಸವಾಲು ಒಂಬೈನೂರು ದಾಟಿತು. ದಾಟಿಸಿದವಳು ಯೋರೀನೇ. ಹಿಂದಿನ ದಿನ ಕಲ್ಲಿನಂತಿದ್ದ ಒಂಬೈನೂರು ಈಗ ಬೆಣ್ಣೆಯಂತೆ ಕರಗಿತು. ಅವಳ ತಲೆ ಬೆರಳಿನ ಹಿಂದೆ ಕಾರಣಗಳನ್ನು ಹೊತ್ತುಕೊಂಡು ಓಡುತ್ತಿತ್ತು. ಮಳೆಯ ಹೊದಿಕೆ ಬೇರೆ ಕೊಂಡರೆ ನೂರಾದರೂ ಆಗುವುದಿಲ್ಲವೇ? ಡ್ರೆಂಟೆಯವರು ಸಾಮಾನನ್ನು ಒರೆಸಿ ಇಡುವ ಜನ. ಹಸಿರು ಬಣ್ಣಕ್ಕೆ ಕೊಳೆ ಕಾಣುವುದಿಲ್ಲ. ಶಿಶುಗೃಹ, ಕುರ್ಚಿ, ತಿಂಗಳ ಸಂಬಳ, ಇದೆಲ್ಲದರ ಮುಂದೆ ಇಪ್ಪತ್ತು ಯೂರೋ ಯಾವ ಲೆಕ್ಕ? ಪ್ರತಿ ಸಲವೂ ಬರೀ ಇಪ್ಪತ್ತೇ.

ಗಡಿಯಾರದ ಮುಂದೆ ಎದುರಾಳಿ ಕಾಣುವುದಿಲ್ಲ. ಹೂವು ಸಿಕ್ಕಿತು ಅಥವಾ ಹೋಯಿತು, ಅಷ್ಟೆ. ಅಲ್ಲಿ ಹೋರಾಟ ತನ್ನ ಆಸೆಯ ಜೊತೆ ಮಾತ್ರ. ಇಲ್ಲಿಯೋ ಒಂದು ಬಾತು ಅವಳ ಮನೆಯ ಹೊಸಿಲಿನ ಮೇಲೆ ನಿಂತು ಗಂಟೆಗೊಮ್ಮೆ ರೆಕ್ಕೆ ಬಡಿಯುತ್ತಿತ್ತು. ಹಾಗೆಂದು ಅವಳಿಗೆ ಬೇಸರವಾಗಿತ್ತೇ? ಇಲ್ಲ. ನಿಜ ಹೇಳಬೇಕೆಂದರೆ, ನಾಲ್ಕು ತಿಂಗಳ ಹಾಲು, ಲಾಲಿ, ಹೊಲಸು ಬಟ್ಟೆಗಳ ಮೇಲೆ ಯಾರೋ ಕಿಟಕಿ ತೆರೆದಂತಾಗಿತ್ತು. ಮೆಟ್ಟಿಲು ಹತ್ತುವಾಗ ಎರಡೆರಡು ಹತ್ತುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಬೆಟ್ಸ್ ವಾಡಿಕೆಯಂತೆ ಹುರಿದ ಮೀನಿನ ಪೊಟ್ಟಣ ಹಿಡಿದು ಬಂದಳು. ಆಲೂಗಡ್ಡೆ ಸುಲಿದು ಒಲೆಯ ಮೇಲಿಟ್ಟಳು. ಸೊಸೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದಿಟ್ಟುಕೊಂಡು ಕೂತಿದ್ದಳು, ಗಂಟೆ ನಾಲ್ಕಾಗಲು ಐದು ನಿಮಿಷವಿತ್ತು. ಸವಾಲು ಸಾವಿರದ ನೂರ ಎಂಬತ್ತು.

"ಏನಿದು, ಜೂಜಾ?" ಎಂದಳು ಬೆಟ್ಸ್. ಜೂಜು ಎಂಬ ಮಾತನ್ನು ಅವಳು ಮೂಗಿನಿಂದ ಆಡುತ್ತಿದ್ದಳು. ಭಾನುವಾರ ಎರಡು ಸಲ ಇಗರ್ಜಿಗೆ ಹೋಗುವ ಹೆಂಗಸು.

"ಜೂಜಲ್ಲ ಮಾ, ಹರಾಜು."

ಹರಾಜು ಎಂದ ಮೇಲೆ ಅವಳು ತಕರಾರು ಮಾಡುವಂತಿರಲಿಲ್ಲ. ಗಂಡ ಸೇವಂತಿಗೆ ಬೆಳೆಗಾರನಾಗಿದ್ದವನು. ನಲವತ್ತು ವರ್ಷ ಅವನ ಪಕ್ಕದಲ್ಲಿ ನಿಂತು ಸೇವಂತಿಗೆ ಕಟ್ಟಿದ ಕೈ ಅವಳದು. ಪ್ರತಿ ಬೆಳಿಗ್ಗೆ ಹೂವು ಹರಾಜುಕಟ್ಟೆಗೆ ಹೋಗುವುದು, ಯಾರೋ ಎಲ್ಲೋ ಕೂತು ಗುಂಡಿ ಒತ್ತುವುದು, ಮಧ್ಯಾಹ್ನ ಗಂಡ ಬಂದು ಬೆಲೆ ಹೇಳುವುದು. ಬಹಳ ದಿನ ಅವನು ಬೆಲೆ ಹೇಳುವ ಮೊದಲು ಬೂಟು ಬಿಚ್ಚುತ್ತಿದ್ದ. ಬೆಲೆ ಬಿದ್ದಿದೆಯೆಂದು ಅಷ್ಟರಲ್ಲೇ ಅವಳಿಗೆ ತಿಳಿಯುತ್ತಿತ್ತು.

ಬೆಟ್ಸ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಯಾರದು ನೀಲಿಬಾತು?"

"ಗೊತ್ತಿಲ್ಲ. ಬುಧವಾರದಿಂದ ಜೀವ ತಿಂತಿದ್ದಾನೆ."

"ಹೆಸರು ಹೇಳ್ಕೊಳಕ್ಕೆ ನಾಚಿಕೆ ಇರೋನು. ನೀನು ಏನು ಹೆಸರು ಹಾಕಿದ್ದೀಯ?"

"ಸೀಮನಮ್ಮ."

"ನೋಡು, ಎಳೇ ಮಗು ಇದೆ ಅಂತ ಗೊತ್ತಿದ್ದೂ ಕಿತ್ಕೊಳಕ್ಕೆ ಬಂದಿದ್ದಾನೆ." ಬೆಟ್ಸ್ ಕುರ್ಚಿ ಎಳೆದುಕೊಂಡಳು. "ಸುಮ್ನೆ ನೋಡ್ತೀನಿ. ನಂಗೇನೂ ಇದ್ರಲ್ಲಿ ಮನಸ್ಸಿಲ್ಲ."

ಗಂಟೆ ನಾಲ್ಕಾಗಲು ಕೆಲವೇ ಕ್ಷಣಗಳಿದ್ದಾಗ ಬಾತು ಒತ್ತಿತು. ಕೊನೆಗಳಿಗೆಯಲ್ಲಿ ಯಾರಾದರೂ ಒತ್ತಿದರೆ ಹರಾಜು ಎರಡು ನಿಮಿಷ ಮುಂದಕ್ಕೆ ಹೋಗುವುದು ಆ ತಾಣದ ಕ್ರಮ. ಯೋರೀನ್ ಒತ್ತಿದಳು. ಎರಡು ನಿಮಿಷ ಮುಂದಕ್ಕೆ. ಬಾತು ಒತ್ತಿತು. ಮತ್ತೆರಡು ನಿಮಿಷ. ನಾಲ್ಕು ಗಂಟೆ ಎಂಬುದು ಬರುವುದೇ ಇಲ್ಲವೇನೋ ಎಂಬಂತೆ ಗಡಿಯಾರ ಕಾಲೆಳೆಯುತ್ತ, ಬೆಲೆ ಕುಣಿಯುತ್ತ ಮೇಲೇರಿತು. ಸಾವಿರದ ಮುನ್ನೂರು. ಸಾವಿರದ ನಾನೂರು. ಯೋರೀನಳ ಕೆನ್ನೆ ಕೆಂಪಾಗಿತ್ತು. ಬೆಟ್ಸಳ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

ಆಗ ಸೀಮ್ ತನ್ನ ಪಾಲಿನ ಕೆಲಸ ಮಾಡಿದ. ಸಣ್ಣಪುಟ್ಟದ್ದಲ್ಲ, ಬೆನ್ನಿನ ಮೇಲಿಂದ ಕತ್ತಿನವರೆಗೆ. ವಾಸನೆ ಮೀನನ್ನೂ ಮೀರಿಸಿತು.

ಮಗುವನ್ನು ತೋಳುದ್ದಕ್ಕೆ ಹಿಡಿದುಕೊಂಡು ಬಚ್ಚಲಿಗೆ ಓಡಿದ ಯೋರೀನಳಿಗೆ ಬಿಸಿನೀರಿನ ಸದ್ದಿನಲ್ಲಿ ಅಮಲು ಸ್ವಲ್ಪ ಇಳಿಯಿತು. ಸಾವಿರದ ಐನೂರಕ್ಕೆ ಬಂದು ನಿಂತಿತ್ತು. ಒಂಬೈನೂರು ಎಲ್ಲಿ, ಇದೆಲ್ಲಿ? ಕುರ್ಚಿ ಹೋದರೆ ಹೋಗಲಿ, ಇವತ್ತೇ ಹೌಬನಿಗೆ ಹೇಳಿಬಿಡುವುದು ಎಂದುಕೊಂಡಳು.

"ಯೋರೀನ್," ಅಡುಗೆಮನೆಯಿಂದ ಬೆಟ್ಸ್ ಕೂಗಿದಳು, "ಮತ್ತೆ ಬಂತು ಬಾತು."

"ಬಿಟ್ಬಿಡಿ ಮಾ. ಸಾಕು. ತಗೊಂಡು ಹೋಗ್ಲಿ."

ಅಡುಗೆಮನೆಯಲ್ಲಿ ಆಲೂಗಡ್ಡೆ ಕುದಿಯುತ್ತಿತ್ತು. ಆಮೇಲೆ ಟಕ್ ಎಂಬ ಸದ್ದು.

"ಮಾ? ಏನ್ಮಾಡಿದ್ರಿ?"

"ಏನಿಲ್ಲ. ಬೆರಳು ಜಾರ್ತು."

ಟಕ್.

"ಮಾ!"

"ಇನ್ನೊಂದ್ಸಲ ಜಾರ್ತು. ಈ ಮೇಜು ಇಳಿಜಾರಾಗಿದೆ."

ಯೋರೀನ್ ಅರ್ಧ ಒರೆಸಿದ ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಬಂದು ನೋಡಿದಾಗ, ತನ್ನ ಅತ್ತೆಯನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮೈಮೇಲೆ ಬಂದವಳ ಹಾಗೆ ಬೆಟ್ಸ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೂದಲಿನ ಪಿನ್ನೊಂದು ಕಳಚಿ ಕಿವಿಯ ಮೇಲೆ ಜೋತಾಡುತ್ತಿತ್ತು. ಒಂದು ಕೈ ಮೇಜಿನಂಚನ್ನು ಹಿಡಿದಿತ್ತು. ಇನ್ನೊಂದು ಕೈಯ ಬೆರಳು ಕೋಳಿ ಕಾಳು ಹೆಕ್ಕುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು.

"ಮಾ, ಸಾವಿರದ ಆರ್ನೂರಾಯ್ತು. ನಮ್ಮ ಹತ್ರ ಇರೋದೇ ಒಂಬೈನೂರು."

"ಒಂಬೈನೂರರ ಮೇಲಿನದು ನಂದು. ನೀನು ಮಗೂಗೆ ಚಡ್ಡಿ ಹಾಕು."

"ನೀವೇ ಹೇಳಿದ್ರಲ್ಲ, ನಾನು ಮನೇಲಿರ್ಬೇಕು ಅಂತ? ಸೈಕಲ್ ಬಂದ್ರೆ ನಾನು ಕೆಲ್ಸಕ್ಕೆ ಹೋಗ್ತೀನಿ."

"ಅದು ಬೇರೆ ಮಾತು. ಅದನ್ನ ಆಮೇಲೆ ನೋಡ್ಕೊಳೋಣ. ಈಗ ಈ ಬಾತು." ಟಕ್.

ಇನ್ನು ತಡೆಯುವುದರಲ್ಲಿ ಅರ್ಥವಿರಲಿಲ್ಲ. ತಡೆಯುವ ಮನಸ್ಸೂ ಇರಲಿಲ್ಲ. ಯೋರೀನ್ ಬೆತ್ತಲೆ ಮಗುವನ್ನು ಹೆಗಲಿಗೇರಿಸಿಕೊಂಡು ಅತ್ತೆಯ ಹಿಂದೆ ನಿಂತಳು. "ಈಗ್ಲೇ ಬೇಡ ಮಾ. ತಡೀರಿ. ಅವನು ಬೆವರಲಿ. ತಡೀರಿ, ತಡೀರಿ... ಈಗ." ಟಕ್. ಫೆನ್ನಾ ಒಂದು ಸೌಟು ಹಿಡಿದು ಮೇಜಿನ ಸುತ್ತ ಕುಣಿಯತೊಡಗಿದಳು: "ಬಾತುಕೋಳಿ ನೀರಿಗೆ ಹೋಗು, ಬಾತುಕೋಳಿ ನೀರಿಗೆ ಹೋಗು." ಆಲೂಗಡ್ಡೆ ತಳ ಹಿಡಿದ ವಾಸನೆ ಬಂತು. ಯಾರೂ ತಿರುಗಿ ನೋಡಲಿಲ್ಲ.

ಸಾವಿರದ ಏಳುನೂರ ಅರವತ್ತು. ಒಂದು ನಿಮಿಷ ಕಳೆಯಿತು. ಬಾತು ಸುಮ್ಮನಿತ್ತು. ಕ್ಷಣಗಳು ಒಂದೊಂದಾಗಿ ಉದುರಿದವು. ಬೆಟ್ಸ್ ಉಸಿರು ಬಿಗಿಹಿಡಿದು ಯೋರೀನಳ ಮಣಿಕಟ್ಟು ಹಿಡಿದಳು. ತೆರೆಯ ಮೇಲೆ ಬಣ್ಣದ ಕಾಗದದ ಚೂರುಗಳು ಸುರಿದವು. "ಅಭಿನಂದನೆಗಳು, ನೀವು ಗೆದ್ದಿದ್ದೀರಿ."

ಬೆಟ್ಸ್ ಎದ್ದುನಿಂತಳು, ಕೂತಳು, ಮತ್ತೆ ಎದ್ದಳು. ಸೊಸೆಯ ಕೆನ್ನೆಗೆ ಮೂರು ಮುತ್ತು ಕೊಟ್ಟಳು, ಹುಟ್ಟುಹಬ್ಬಕ್ಕೆ ಕೊಡುವ ಹಾಗಲ್ಲ, ಸದ್ದು ಬರುವ ಹಾಗೆ. ಇಬ್ಬರೂ ನಗತೊಡಗಿದರು. ನಗು ನಿಂತಿತು ಎನ್ನುವಾಗ ಒಬ್ಬಳು "ಮೇಜು ಇಳಿಜಾರು" ಎನ್ನುವಳು, ಮತ್ತೆ ಶುರು. ಸೀಮ್ ಅಜ್ಜಿಯ ತೋಳಿನ ಮೇಲೆ ಉಚ್ಚೆ ಹೊಯ್ದ. ಅದಕ್ಕೂ ನಕ್ಕರು.

"ನಂಗೆ ಒಂದು ವಿಷ್ಯ ಗೊತ್ತಾಯ್ತು," ಎಂದಳು ಬೆಟ್ಸ್ ತೋಳು ಒರೆಸಿಕೊಳ್ಳುತ್ತ. "ನಲವತ್ತು ವರ್ಷ ಬೇರೆಯೋರು ಹೇಳಿದ ಬೆಲೆ ಕೇಳ್ಕೊಂಡು ಕೂತಿದ್ದೆ. ಇವತ್ತು ನಾನು ಹೇಳ್ದೆ, ಅವನು ಕೇಳ್ದ." ಆಮೇಲೆ ಸೀದುಹೋದ ಆಲೂಗಡ್ಡೆಯ ಪಾತ್ರೆಯನ್ನು ತೊಟ್ಟಿಗಿಟ್ಟು ನೀರು ಬಿಟ್ಟಳು. ಬೆನ್ನು ಈ ಕಡೆಗಿತ್ತು, ಹೆಗಲು ಇನ್ನೂ ನಗುತ್ತಿತ್ತು.

ಹಣ ಕಟ್ಟಬೇಕಾದ ಕಾಗದ ಹತ್ತು ನಿಮಿಷಕ್ಕೆ ಬಂತು. ಅದರಲ್ಲಿ ತಾಣದವರ ಪಾಲು ನೂರಕ್ಕೆ ಹತ್ತು. ಒಟ್ಟು ಸಾವಿರದ ಒಂಬೈನೂರ ಮೂವತ್ತಾರು. ಆ ಪಾಲಿನ ಮಾತು ಮೊದಲಿನಿಂದಲೂ ಸಣ್ಣ ಅಕ್ಷರದಲ್ಲಿ ಅಲ್ಲೇ ಇತ್ತು. ಬಾತುವನ್ನು ನೋಡುವವರು ಸಣ್ಣ ಅಕ್ಷರ ಎಲ್ಲಿ ನೋಡುತ್ತಾರೆ?

ಕ್ರೈನ್ ಜರ್ಮನಿಯಿಂದ ವಾಪಸು ಬರುತ್ತಿದ್ದ. ಖಾಲಿ ಲಾರಿಯನ್ನು ಡ್ರೆಂಟೆಯ ಕಡೆ ತಿರುಗಿಸಬೇಕೆಂದು ಯೋರೀನ್ ಹೇಳಿದಳು.

"ಎರಡು ಗಂಟೆ ಸುತ್ತು ದಾರಿ. ಎಷ್ಟಕ್ಕೆ ಸಿಕ್ತು, ಚಿನ್ನ?"

ಬೆಟ್ಸ್ ಫೋನ್ ಕಿತ್ತುಕೊಂಡಳು. "ನಿಂಗ್ಯಾಕೆ ಅದೆಲ್ಲ? ನೀನು ಗಾಡಿ ತಗೊಂಡು ಬಾ."

"ಅಮ್ಮಾ? ನೀನ್ಯಾವಾಗ ಇದಕ್ಕೆ ಸೇರ್ಕೊಂಡೆ?"

"ಬಾತು ಬಂದಾಗ," ಎಂದು ಇಟ್ಟುಬಿಟ್ಟಳು.

ಶನಿವಾರ ಮಧ್ಯಾಹ್ನ ಹಡಗು ಬಂತು. ಫೋನಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು ಎಂದು ಮೂವರೂ ಹೇಳಿದರು, ಮೂವರೂ ಸ್ವಲ್ಪ ಜೋರಾಗಿ ಹೇಳಿದರು. ಬ್ರೇಕು ಮಾತ್ರ ಹಂದಿಮರಿಯ ಹಾಗೆ ಕಿರುಚುತ್ತಿತ್ತು. ಸೋಮವಾರದೊಳಗೆ ಸರಿಯಾಗಬೇಕಲ್ಲ. ಅತ್ತೆ, ಸೊಸೆ, ಪೆಟ್ಟಿಗೆಯಲ್ಲಿ ಎರಡು ಮಕ್ಕಳು, ಮೆರವಣಿಗೆ ಆರೆಂಡನ ಅಂಗಡಿಗೆ ಹೊರಟಿತು.

ಆರೆಂಡ್ ಕೈ ಒರೆಸಿಕೊಂಡು ಬಂದು, ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಅರೆ, ನನ್ನ ಕಿಟಕೀಲಿರೋದು ಇದೇ ಗಾಡಿ. ಅದು ಹೊಸದು ಅಷ್ಟೆ."

ಯಾರೂ ಏನೂ ಕೇಳಲಿಲ್ಲ. ಆದರೆ ಆರೆಂಡ್ ಕೇಳದಿದ್ದರೂ ಹೇಳುವ ಮನುಷ್ಯ.

"ಸಾವಿರದ ಏಳ್ನೂರ ತೊಂಬತ್ತೈದು. ಮಳೆ ಹೊದಿಕೆ ಸೇರಿ. ಒಂದು ವರ್ಷ ರಿಪೇರಿ ಪುಕ್ಕಟೆ."

ಯೋರೀನ್ ಫೆನ್ನಾಳ ಟೋಪಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಮುಖ ಬಿಸಿಯಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ನಗು ಹೊಟ್ಟೆಯಿಂದ ಮೇಲೆ ಬರುತ್ತಿರುವುದೂ ತಿಳಿಯುತ್ತಿತ್ತು. ಎದುರಿಗೇ ನಿಂತಿತ್ತು, ಗಾಜಿನ ಹಿಂದೆ, ಮಿರಮಿರ ಹೊಳೆಯುತ್ತ, ನೂರ ನಲವತ್ತೊಂದು ಯೂರೋ ಕಡಿಮೆಗೆ.

"ನೀವು ಇದನ್ನ ಎಷ್ಟಕ್ಕೆ ತಂದ್ರಿ? ಹರಾಜಲ್ಲಿ ಅರ್ಧಕ್ಕೆ ಸಿಕ್ಕಿರ್ಬೇಕು. ನಿಮ್ಮಂಥೋರು ಇರೋದ್ರಿಂದ್ಲೇ ನನ್ನ ಅಂಗಡಿ ಮುಳುಗ್ತಿರೋದು," ಎಂದ ಆರೆಂಡ್.

ಯೋರೀನ್ ಅತ್ತೆಯ ಮುಖ ನೋಡಿದಳು. ಸುಳ್ಳು ಹೇಳದ ಹೆಂಗಸು. ಬೆಟ್ಸ್ ಕೈಚೀಲವನ್ನು ಎದೆಗೊತ್ತಿಕೊಂಡು ನೇರ ನಿಂತಳು.

"ಆರೆಂಡ್, ನಿನ್ನ ಗಾಡಿಗೆ ಇನ್ಯಾರಾದ್ರೂ ಕೈ ಹಾಕಿದ್ರಾ?"

"ಇಲ್ಲ. ಮೂರು ತಿಂಗಳಿಂದ ಧೂಳು ಹೊಡೀತಿದ್ದೀನಿ."

"ಇದಕ್ಕೆ ಹಾಕಿದ್ರು," ಎಂದಳು ಬೆಟ್ಸ್. "ಬ್ರೇಕ್ ನೋಡು ಈಗ."

ಬ್ರೇಕು ಸರಿಮಾಡಿಸಿಕೊಂಡು ಮನೆಯ ಕಡೆ ಹೊರಟರು. ಸೇತುವೆಯ ಮೇಲೆ ಬಂದಾಗ ಯೋರೀನ್ ತಡೆಯಲಾರದೆ ಕೇಳಿದಳು, "ಮಾ, ಬೇಜಾರಾಯ್ತಾ?"

"ಯಾಕೆ ಬೇಜಾರು? ಅಂಗಡೀಲಿ ತಗೊಂಡಿದ್ರೆ ಸೈಕಲ್ ಬರ್ತಿತ್ತು. ಶುಕ್ರವಾರದ ಮಜಾ ಬರ್ತಿತ್ತಾ?" ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ನನ್ನ ಗಂಟಿನ ದುಡ್ಡು ಹಾಕಿದ್ದೀನಿ. ಇದನ್ನ ಕೊಟ್ಟಿಗೇಲಿ ಕೊಳೆಸೋ ಹಾಗಿಲ್ಲ. ಅಗ್ಗಕ್ಕೆ ಬಂದಿದ್ರೆ ಬೇಕಾದ್ರೆ ಕೊಳೀಲಿ ಅಂತಿದ್ದೆ. ದಿನಾ ಓಡ್ಬೇಕು. ಬೆಳಗ್ಗೆ ಬೆಳಗ್ಗೆ ಓಡ್ಬೇಕು."

"ಬೆಳಗ್ಗೆ ಎಲ್ಲಿಗೆ ಮಾ?"

"ಎಲ್ಲಿಗೆ ಅಂದ್ರೆ? ಶಿಶುಗೃಹಕ್ಕೆ." ಬೆಟ್ಸ್ ಮುಂದೆ ನೋಡುತ್ತ ಹೇಳಿದಳು. "ಇಷ್ಟು ಕೊಟ್ಟು ತಂದ ಗಾಡೀಲಿ ಮಕ್ಳು ಮನೆ ಅಂಗಳದಲ್ಲಿ ಸುತ್ತಕ್ಕಾಗುತ್ತಾ?"

ಯೋರೀನ್ ಬಾಯಿ ತೆರೆದಳು. ನಾಲ್ಕು ತಿಂಗಳಿಂದ ಕೂಡಿಟ್ಟ ವಾದಗಳೆಲ್ಲ ನಾಲಿಗೆಯ ತುದಿಗೆ ಬಂದವು. ಒಂದೂ ಬೇಕಾಗಿರಲಿಲ್ಲ. ಬಾಯಿ ಮುಚ್ಚಿದಳು.

ಭಾನುವಾರ ದೇವರ ದಿನ, ಗಾಡಿ ಓಡಿಸುವ ಹಾಗಿರಲಿಲ್ಲ, ಬೆಟ್ಸಳ ಕಟ್ಟಪ್ಪಣೆ. ಆದರೆ ಎರಡನೆಯ ಪ್ರಾರ್ಥನೆ ಮುಗಿದು, ಕಾಫಿಗೆ ಬಂದ ಅತ್ತೆ ಎಷ್ಟು ಹೊತ್ತಾದರೂ ಒಳಗೆ ಕಾಣಲಿಲ್ಲ. ಯೋರೀನ್ ಹುಡುಕಿಕೊಂಡು ಕೊಟ್ಟಿಗೆಗೆ ಹೋದಳು. ಇಗರ್ಜಿಯ ಕಪ್ಪು ಕೋಟು, ಟೋಪಿ ಸಮೇತ ಬೆಟ್ಸ್ ಸೀಟಿನ ಮೇಲೆ ಕೂತಿದ್ದಳು. ಎರಡು ಕೈ ಹ್ಯಾಂಡಲಿನ ಮೇಲೆ. ಗಾಡಿ ನಿಂತಲ್ಲೇ ನಿಂತಿತ್ತು.

"ಓಡಿಸ್ತಿಲ್ಲ," ಎಂದಳು. "ಕೂತಿದ್ದೀನಿ."

ಯೋರೀನ್ ಬಾಗಿಲು ಮೆಲ್ಲಗೆ ಎಳೆದುಕೊಂಡು ಒಳಗೆ ಬಂದಳು. "ಅಮ್ಮ ಎಲ್ಲಿ?" ಎಂದ ಕ್ರೈನನಿಗೆ "ಹಡಗಲ್ಲಿ" ಎಂದಳು.

ಸೋಮವಾರ ಬೆಳಿಗ್ಗೆ ಐದೂಕಾಲು. ಕ್ರೈನ್ ಆಗಲೇ ಹೋಗಿದ್ದ. ಯೋರೀನ್ ಒಂದು ಕೈಯಲ್ಲಿ ಹಾಲಿನ ಬಾಟಲಿ, ಒಂದು ಕೈಯಲ್ಲಿ ಫೆನ್ನಾಳ ಬೂಟು ಹಿಡಿದು, ತಲೆ ಬಾಚಲು ಮೂರನೆಯ ಕೈ ಹುಡುಕುತ್ತಿದ್ದಳು. ಬೀಗ ತಿರುಗಿದ ಸದ್ದಾಯಿತು. ಬೆಟ್ಸ್ ಒಳಗೆ ಬಂದಳು. ಮಳೆಯಂಗಿ ತೊಟ್ಟು, ಗಲ್ಲದ ಕೆಳಗೆ ಸ್ಕಾರ್ಫು ಬಿಗಿದು ಕಟ್ಟಿದ್ದಳು.

"ಮಾ, ಇಷ್ಟು ಬೆಳಗ್ಗೆ?"

"ಮಕ್ಳನ್ನ ಪೆಟ್ಟಿಗೇಲಿ ಕೂರ್ಸು. ನಾನು ಬಿಟ್ಟು ಬರ್ತೀನಿ. ನೀನು ನಿನ್ನ ಹಳೇ ಸೈಕಲ್ ತಗೊಂಡು ನೆಟ್ಟಗೆ ಕೆಲ್ಸಕ್ಕೆ ಹೋಗು."

"ನಿಮ್ಮ ಬೆನ್ನು?"

"ಬೆನ್ನಿಗೇನಾಗಿದೆ? ತುಳಿಯೋದು ಕಾಲು." ಫೆನ್ನಾಳ ಬೂಟನ್ನು ಕಿತ್ತುಕೊಂಡು ತಾನೇ ತೊಡಿಸಿದಳು. "ಗೆದ್ದೋಳು ಯಾರು? ನಾನು. ಕೊನೇ ಸಲ ಒತ್ತಿದ್ದು ನನ್ನ ಬೆರಳು. ಮೊದಲ ಸವಾರಿ ನಂದು. ದಿನಾ ನಂದು, ಹೇಳಿಬಿಟ್ಟಿದ್ದೀನಿ. ಸಂಜೆ ಬೇಕಾದ್ರೆ ನೀನು ತಗೋ."

ಯೋರೀನ್ ಸೀಮನ ಬುಟ್ಟಿಯ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು, ಹೊದಿಕೆಯ ಅಂಚು ಮಡಿಚಿದಳು, ಬದಲಿ ಬಟ್ಟೆಯ ಚೀಲ ತುರುಕಿದಳು, ಬ್ರೇಕಿನ ಬಗ್ಗೆ ಏನೋ ಹೇಳಹೊರಟಳು. ಅಷ್ಟರಲ್ಲಿ ಬೆಟ್ಸ್ ಹೊರಟಾಗಿತ್ತು. ಮೊದಲು ಸ್ವಲ್ಪ ಅತ್ತಿತ್ತ ಓಲಾಡಿತು, ಕಾಲುವೆಯ ಕಡೆ ವಾಲಿತು, ಯೋರೀನಳ ಜೀವ ಬಾಯಿಗೆ ಬಂತು. ಆಮೇಲೆ ನೆಟ್ಟಗಾಯಿತು. ಆಮೇಲೆ ವೇಗ ಹಿಡಿಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ಗಂಟೆ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಪೆಟ್ಟಿಗೆಯಲ್ಲಿ ಫೆನ್ನಾ ಎರಡೂ ಕೈ ಮೇಲೆತ್ತಿ ಕಿರುಚುತ್ತಿದ್ದಳು.

ಮೂಲೆಯಲ್ಲಿ ರೊಟ್ಟಿ ಅಂಗಡಿಯವನು ಬಾಗಿಲು ತೆರೆಯುತ್ತಿದ್ದ. "ಭಾರೀ ಗಾಡಿ, ಬೆಟ್ಸ್. ಎಷ್ಟು ಕೊಟ್ರಿ?" ಎಂದು ಕೂಗಿದ.

"ಬೇಕಾದಷ್ಟು," ಎಂದು ಕೂಗಿ ಹೇಳಿ ಅವಳು ತಿರುವಿನಲ್ಲಿ ಮರೆಯಾದಳು.

ಯೋರೀನ್ ಬಾಗಿಲಿಗೆ ಬೀಗ ಹಾಕಿ, ತಲೆ ಬಾಚದೆಯೇ ಹಳೆಯ ಸೈಕಲ್ಲು ಹತ್ತಿ, ಹೂವಿನ ಕಡೆ ತುಳಿದಳು.